ಪಲ್ಕ್ರಿಟ್ಯೂಡ್ ಮತ್ತು ಹಂಚಿನ ಮಸಿ

ಹೂಂಗುಟ್ಟಿದರೆ ಹೇಳ್ತೀನಿ, ನಂಬೋದು ಬಿಡೋದು ನಿಮ್ಮಿಷ್ಟ. ಸಣ್ಣೀರಮ್ಮ ಅಂತ ಒಬ್ಬಳು, ಅವಳಿಗೊಬ್ಬ ಪೆದ್ದ ಮಗ, ಕೆಂಚೀರ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. ಇವನಿಗೆ ಯಾರು ಹೆಣ್ಣು ಕೊಡ್ತಾರೆ ಅನ್ನೋದೇ ಅವಳ ಚಿಂತೆ.

ಒಂದು ದಿನ ಪಕ್ಕದ ಮನೆ ಎಮ್ಮೆ ನೋಡಿ, ಎಷ್ಟು ಚೆಂದ ಐತೆ ಅಂದ. ಸಂಜೆ ಎಮ್ಮೆ ಹಾಲು ಕೊಡಲಿಲ್ಲ. ಇವನ ಕಣ್ಣೇ ಬಿದ್ದದ್ದು ಅಂತ ಆ ಮನೆಯವರು ಬಾಗಿಲಿಗೆ ಬಂದು ಜಗಳ ತೆಗೆದರು. ಅವ್ವ ಬೈದಳು: "ಚೆಂದ ಅಂತ ಬಾಯಿಬಿಟ್ಟು ಅನ್ನಬ್ಯಾಡ ಕಣೋ. ಜನಕ್ಕೆ ತಿಳೀದಂಗೆ ಅನ್ನು."

ಜನಕ್ಕೆ ತಿಳಿಯದ ಮಾತು ಎಲ್ಲಿ ಸಿಗುತ್ತೆ? ಮೇಷ್ಟ್ರ ಹತ್ತಿರ. ಚೆಂದಕ್ಕೆ ಯಾರಿಗೂ ಗೊತ್ತಿಲ್ಲದ ಇಂಗ್ಲಿಷ್ ಮಾತು ಕೊಡಿ ಅಂತ ಹೋಗಿ ಕೂತ. ಅವರು ಹುಡುಕಿ ಕೊಟ್ಟರು: ಪಲ್ಕ್ರಿಟ್ಯೂಡ್. ಚೆಲುವು ಅಂತಲೇ ಅರ್ಥವಂತೆ. ನನಗಿನ್ನೂ ಅನುಮಾನ. ಅನ್ನದಲ್ಲಿ ಕಲ್ಲು ಕಡಿದ ಹಾಗಿರೋ ಮಾತು ಚೆಲುವು ಹೇಗಾದೀತು?

ಮಾರನೇ ದಿನ ಎದುರುಮನೆ ತೊಟ್ಟಿಲಿಗೆ ಬಗ್ಗಿ, ಕೂಸಿನ ಮುಖದ ಹತ್ತಿರ "ಪಲ್ಕ್ರಿಟ್ಯೂಡ್" ಅಂದ. ಕೂಸು ಕಿಟಾರನೆ ಕಿರುಚಿತು. ಮಾಟವೋ ಮಂತ್ರವೋ ಅಂತ ಬಾಣಂತಿಯ ಅವ್ವ ಪೊರಕೆ ತಗೊಂಡು ಅಟ್ಟಿಸಿಕೊಂಡು ಬಂದಳು. ಸಣ್ಣೀರಮ್ಮ ತಲೆ ಚಚ್ಚಿಕೊಂಡಳು: "ಬರೀ ಮಾತು ಆಡ್ತಾರೇನೋ? ಚೆಂದ ಕಂಡ ಕಡೆ ಮಸಿ ಹಚ್ಚಬೇಕು. ಆಗ ದೃಷ್ಟಿ ತಾಕಲ್ಲ."

ಅಂತೂ ಒಂದು ಸಂಬಂಧ ಕೂಡಿ ಬಂತು. ಹುಡುಗಿ ಸಿದ್ದಗಂಗಿ. ಬಂದವರೆಲ್ಲ ಉಪ್ಪಿಟ್ಟು ತಿಂದು, ಹೇಳಿ ಕಳಿಸ್ತೀವಿ ಅಂತ ಎದ್ದು ಹೋದ ಮನೆ ಅದು. ಅವಳಪ್ಪ ತಿಪ್ಪೇಶಪ್ಪನಿಗೆ ಈಗ ಯಾರನ್ನು ಕಂಡರೂ ಗುಮಾನಿ. ಇದೂ ತಪ್ಪಿದರೆ ಮಗನಿಗೆ ಮದುವೆಯೇ ಇಲ್ಲ ಅಂತ ಸಣ್ಣೀರಮ್ಮನಿಗೆ ಜೀವ ಕೈಯಲ್ಲಿ.

ಹೆಣ್ಣು ನೋಡೋಕೆ ಹೋಗಿ ಕೂತರು. ಹುಡುಗಿ ತಟ್ಟೆ ಹಿಡಿದು ಬಂದಳು. ಕೆಂಚೀರ "ಪಲ್ಕ್ರಿಟ್ಯೂಡ್" ಅಂದ. ತಿಪ್ಪೇಶಪ್ಪನ ಹುಬ್ಬು ಗಂಟಾಯಿತು. ಬೈದನೋ, ಶಾಪ ಹಾಕಿದನೋ? ಕೇಳೋಷ್ಟರಲ್ಲಿ ಇವನು ಅಡುಗೆಮನೆಗೆ ನುಗ್ಗಿ ರೊಟ್ಟಿ ಹಂಚನ್ನೇ ಎತ್ತಿಕೊಂಡು ಬಂದ. ಕೆನ್ನೆ ಚೆಂದ ಕಂಡಿತು, ಮಸಿ ಹಚ್ಚಿದ. ಮೂಗು ಚೆಂದ ಕಂಡಿತು, ಹಚ್ಚಿದ. ಹಣೆ, ಗಲ್ಲ, ಕಿವಿ, ಒಂದನ್ನೂ ಬಿಡಲಿಲ್ಲ.

ತಿಪ್ಪೇಶಪ್ಪ ದೊಣ್ಣೆಗೆ ಕೈ ಹಾಕಿದ. ಸಣ್ಣೀರಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡು, ಚೆಂದ ಕಂಡ ಕಡೆ ಹಚ್ಚು ಅಂದಿದ್ದು ನಾನೇ ಅಂತ ಅಳೋಕೆ ಶುರುಮಾಡಿದಳು.

ಸಿದ್ದಗಂಗಿ ಅಪ್ಪನ ಕೈ ಹಿಡಿದಳು. "ಇರಪ್ಪ. ಇಷ್ಟು ಜನ ಬಂದೋದ್ರು, ನಂಗೆ ದೃಷ್ಟಿ ಆಯ್ತದೆ ಅಂತ ಒಬ್ಬರಾದ್ರೂ ಹೆದರಿದ್ರಾ? ಇವರಿಗೇ ಕೊಡು."

ಅಂದು ನಕ್ಕಳು. ನಕ್ಕಾಗ ಹಲ್ಲು ಕಂಡವು. ಕೆಂಚೀರ ಮತ್ತೆ ಹಂಚಿಗೆ ಬೆರಳು ಹಾಕಿದ.