ಮೌನೇಶನ ತಣ್ಣನೆ ಗಾಳಿ

ಹೊಳೆದಂಡೆಯ ಆಶ್ರಮದಲ್ಲಿ ಒಂದು ಹಳೆಯ ಕಾರಿತ್ತು. ಅದನ್ನು ಓಡಿಸುತ್ತಿದ್ದವನು ಶಿಷ್ಯ ಮೌನೇಶ. ಹೆಸರಿಗೆ ಮೌನೇಶ, ಬಾಯಿಗೆ ಬಿಡುವಿರಲಿಲ್ಲ.

ಆಶ್ರಮದಲ್ಲಿ ಅಡುಗೆ ಮಾಡುವ ಸಾವಂತ್ರವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ಗುಡ್ಡದ ಮೇಲಿನ ಊರಿನ ಆಸ್ಪತ್ರೆಗೆ ಹೋಗಬೇಕು. ಹೋದ ಸೋಮವಾರ ಹೊರಟಾಗ ಕಾರು ಅರ್ಧ ಏರಿನಲ್ಲೇ, ಒಂದು ಬೇವಿನ ಮರದ ಬಳಿ, ಏದುಸಿರು ಬಿಟ್ಟು ನಿಂತಿತು. ಡಾಕ್ಟರು ಮತ್ತೊಂದು ಸೋಮವಾರ ಕೊಟ್ಟರು. ಅದೂ ತಪ್ಪಿದರೆ ಮೂರು ತಿಂಗಳು ಕಾಯಬೇಕು ಎಂದರು.

ಮೌನೇಶ ಇಡೀ ದಿನ ಬಾನೆಟ್ಟಿನೊಳಗೆ ತಲೆ ಹಾಕಿ ನಿಂತ. ಸಂಜೆ ಗುರು ನಿಜಗುಣಯ್ಯನವರ ಬಳಿಗೆ ಓಡಿಬಂದ.

"ರೋಗ ಸಿಕ್ಕಿತು ಗುರುಗಳೇ! ಇಂಜಿನ್ನು ತಾನು ಕಾಯಿಸಿದ ಗಾಳಿಯನ್ನೇ ತಾನು ಉಸಿರಾಡುತ್ತಿದೆ. ಅದಕ್ಕೆ ಹೊರಗಿನ ತಣ್ಣನೆ ಗಾಳಿ ಬೇಕು."

"ಕೊಡು" ಎಂದರು ಗುರುಗಳು.

ಮೌನೇಶ ಬಚ್ಚಲಿನ ಪೈಪು ಕತ್ತರಿಸಿದ. ಕಾರಿನ ಮೂತಿಯಿಂದ ಏರ್ ಫಿಲ್ಟರಿನ ತನಕ ಅದನ್ನು ಜೋಡಿಸಿದ. ಇಂಜಿನ್ನಿನ ಬಿಸಿ ಪೈಪಿಗೆ ತಾಗದಂತೆ ನಡುವೆ ಅಗಲವಾದ ಅಲ್ಯೂಮಿನಿಯಂ ತಗಡೊಂದನ್ನು ಬಾಗಿಸಿ ಕೂರಿಸಿದ. ತಗಡು ಎಲ್ಲಿಯದೆಂದು ಯಾರಿಗೂ ಹೇಳಲಿಲ್ಲ. ಅಂದಿನಿಂದ ಬಚ್ಚಲಿನ ನೀರು ನೇರ ಅಂಗಳಕ್ಕೆ ಹರಿಯಿತು.

ಕಾರು ಸ್ಟಾರ್ಟ್ ಮಾಡಿದರೆ ಮರದ ಹಕ್ಕಿಗಳೆಲ್ಲ ಎದ್ದು ಹೋದವು.

"ಕೇಳಿದಿರಾ ಗುರುಗಳೇ, ಶಕ್ತಿ!"

"ಶಬ್ದ ಕೇಳಿಸಿತು."

ಸೋಮವಾರ ಬೆಳಿಗ್ಗೆ ಮೂವರೂ ಹೊರಟರು. ಏರು ಶುರುವಾಯಿತು. ಕಾರು ಗರ್ಜಿಸಿತು, ಗೊಣಗಿತು, ಕೆಮ್ಮಿತು, ನಿಂತಿತು.

"ಮತ್ತ ಅದ ಬೇವಿನ ಗಿಡ ಏನೋ ತಮ್ಮಾ?" ಎಂದಳು ಸಾವಂತ್ರವ್ವ. "ಕಣ್ಣಿಗೆ ಕಾಣವಲ್ದು, ಮೂಗಿಗೆ ಗೊತ್ತಾತು."

ಮೌನೇಶ ಬಾನೆಟ್ ಎತ್ತಿದ. ಅವಳೂ ಇಳಿದು ಬಂದು ಬಾಗಿ, ಸೆರಗಿನ ತುದಿಯಿಂದ ತಗಡನ್ನು ಮುಟ್ಟಿ ನೋಡಿದಳು.

"ಅಯ್ಯ, ಇದು ನನ್ನ ಅನ್ನದ ಹಂಡೇದ ಮುಚ್ಚಳ! ನಾಕು ದಿನ ಅಡಗೀಮನಿ ತುಂಬ ತಡಕಾಡೀನಿ. ಇದ್ದಷ್ಟು ದೃಷ್ಟೀನೂ ಹೋತು ಅಂತ ಒಬ್ಬಾಕೀನ ಕುಂತು ಅತ್ತೀನಲ್ಲೋ!"

ಮೌನೇಶ ತಲೆ ತಗ್ಗಿಸಿದ. ತಗ್ಗಿಸಿದ ತಲೆಯಲ್ಲೂ ಯೋಚನೆ ಓಡುತ್ತಲೇ ಇತ್ತು.

"ಪೈಪು ಸಣ್ಣದಾಯಿತು ಗುರುಗಳೇ. ಇನ್ನೂ ದಪ್ಪದ್ದು ಹಾಕಬೇಕು. ಇನ್ನೂ ಗಾಳಿ ಬೇಕು."

ಗುರುಗಳು ರಸ್ತೆಬದಿಯ ಕಲ್ಲಿನ ಮೇಲೆ ಕೂತರು.

"ಬಾ. ಉಸಿರು ಎಳೆದುಕೋ."

ಎಳೆದುಕೊಂಡ.

"ಇನ್ನೂ."

ಎಳೆದುಕೊಂಡ.

"ಗುಡ್ಡದ ಗಾಳಿ, ತಣ್ಣಗಿದೆ. ಎಳೆ, ಇನ್ನೂ ಎಳೆ."

ಮೌನೇಶನ ಕೆನ್ನೆ ಉಬ್ಬಿತು, ಕಿವಿ ಕೆಂಪಾಯಿತು, ಕಣ್ಣು ಹೊರಬಂತು. ಕೊನೆಗೆ ಬುಸ್ಸೆಂದು ಬಿಟ್ಟುಬಿಟ್ಟ.

"ಯಾಕೆ ಬಿಟ್ಟೆ?"

"ಬಿಡದೆ ಇನ್ನೊಂದು ಹೇಗೆ ಎಳೆಯಲಿ ಗುರುಗಳೇ? ಒಳಗೆ ಜಾಗ ಬೇಡವೇ?"

ಗುರುಗಳು ಎದ್ದು ಕಾರಿನ ಹಿಂದಕ್ಕೆ ಹೋದರು. ಊರುಗೋಲಿನಿಂದ ಸೈಲೆನ್ಸರ್ ಕೊಳವೆಯನ್ನು ತಟ್ಟಿದರು. ಒಣಗಿದ ಜೇಡಿಮಣ್ಣಿನ ಒಂದು ಹೆಂಟೆ ಉದುರಿತು. ಒಳಗೆ ಇನ್ನೂ ಇತ್ತು.

ಮೌನೇಶ ಅಲ್ಲೇ ಕುಕ್ಕರಿಸಿದ.

"ಹೊಳೆಯಲ್ಲಿ ಕಾರು ತೊಳೆದ ದಿನ ಹಿಂದಕ್ಕೆ ತೆಗೆಯುವಾಗ ದಂಡೆಗೆ ಗುದ್ದಿದ್ದೆ ಗುರುಗಳೇ. ಬೈತೀರಿ ಅಂತ ಹೇಳಲಿಲ್ಲ."

"ದಿನಾ ಊರ ಸುದ್ದಿ ಎಲ್ಲಾ ಹೇಳ್ತಿದ್ದಿ" ಎಂದಳು ಸಾವಂತ್ರವ್ವ. "ಇದೊಂದ ನುಂಗಿಕೊಂಡಿ?"

ಮೌನೇಶ ಬೇವಿನ ಕಡ್ಡಿ ಮುರಿದು ಕೊಳವೆಯನ್ನು ಕೆದಕಿದ. ಸ್ಟಾರ್ಟ್ ಮಾಡಿದಾಗ ಉಳಿದ ಮಣ್ಣು ಢಬ್ ಎಂದು ಹಾರಿ ರಸ್ತೆಯಾಚೆ ಬಿತ್ತು. ಕಾರು ಮೇಕೆಯ ಹಾಗೆ ಗುಡ್ಡ ಹತ್ತಿತು. ಆಸ್ಪತ್ರೆಯ ಕಟ್ಟಡ ಕಂಡಾಗ ಡಾಕ್ಟರು ಕೊಟ್ಟ ವೇಳೆಗೆ ಇನ್ನೂ ಅರ್ಧ ಗಂಟೆ ಉಳಿದಿತ್ತು.

ಮೌನೇಶನ ಕಣ್ಣು ತುಂಬಿ ಬಂತು. ಸ್ಟಿಯರಿಂಗ್ ಹಿಡಿದಂತೆಯೇ ಪೂರ್ತಿ ಹಿಂದಕ್ಕೆ ತಿರುಗಿದ.

"ಗುರುಗಳೇ, ಉಸಿರಿನ ಆ ಪಾಠ ಇಂಜಿನ್ನಿನ ಬಗ್ಗೆಯೋ, ನನ್ನ ಬಗ್ಗೆಯೋ?"

"ಎದುರಿಗೆ ಬರುತ್ತಿರುವ ಲಾರಿಗೆ ಉತ್ತರಕ್ಕೆ ಕಾಯುವ ಪುರುಸೊತ್ತಿಲ್ಲ. ಮುಂದೆ ನೋಡು."