ವ್ಯಾಪಾರಿಯ ಹೊಸ ಮಂಡಿ

"ಗುರುಗಳೇ, ದೀಕ್ಷೆ ಪಡೆದು ಮೂರು ವರ್ಷವಾಯಿತು. ನನ್ನಲ್ಲಿ ಏನೂ ಬದಲಾಗಲಿಲ್ಲ. ನೀವು ಕೊಟ್ಟ ಮಂತ್ರದಲ್ಲೇ ಏನಾದರೂ ಕೊರತೆ ಇದೆಯೇ?" ಎಂದು ಶಿಷ್ಯ ಕೇಳಿದ.

ಆ ವಾರದಲ್ಲಿ ಅವನು ಈ ಪ್ರಶ್ನೆ ಕೇಳಿದ್ದು ಅದು ನಾಲ್ಕನೆಯ ಸಲ. ಗುರುಗಳು ನಿಟ್ಟುಸಿರು ಬಿಟ್ಟರು. "ಕೂತುಕೋ. ಇದನ್ನು ಕೇಳಿದ ಮೇಲಾದರೂ ನನ್ನನ್ನು ಬಿಡು," ಎಂದು ಕತೆ ಆರಂಭಿಸಿದರು.

ಒಬ್ಬ ಜವಳಿ ವ್ಯಾಪಾರಿ ಇದ್ದ. ಬಲಮಂಡಿ ಸವೆದು ಆರು ವರ್ಷ ನರಳಿದ. ಅಂಗಡಿಯ ಗಾದಿಯ ಮೇಲೆ ಕೂತರೆ ಎಬ್ಬಿಸಲು ಇಬ್ಬರು ಬೇಕಾಗುತ್ತಿತ್ತು. ಕೊನೆಗೆ ಮಗಳು ಮುಂದೆ ನಿಂತು ಆಪರೇಷನ್ ಮಾಡಿಸಿದಳು. ಸವೆದ ಕೀಲನ್ನು ತೆಗೆದು ಲೋಹದ ಕೀಲು ಕೂರಿಸಿದರು.

ಮನೆಗೆ ಕಳಿಸುವಾಗ ಡಾಕ್ಟರು, "ನನ್ನ ಕೆಲಸ ಮುಗಿಯಿತು, ಇನ್ನು ನಿಮ್ಮದು. ದಿನಕ್ಕೆ ನಾಲ್ಕು ಸಲ ಮಂಡಿ ಮಡಿಸಬೇಕು. ನೋಯುತ್ತದೆ. ನೋಯುತ್ತದೆಂದು ಬಿಟ್ಟರೆ ಬಿಗಿದುಕೊಳ್ಳುತ್ತದೆ," ಎಂದರು. ವ್ಯಾಪಾರಿ ತಲೆಯಾಡಿಸಿದ.

ಮನೆಗೆ ಬಂದವನು ಗಾಳಿ ಚೆನ್ನಾಗಿದೆಯೆಂದು ಮಹಡಿಯ ಕೋಣೆಯಲ್ಲಿ ಮಲಗಿದ. ಮಂಡಿಯ ಕೆಳಗೆ ದಿಂಬು ಇಟ್ಟುಕೊಂಡ. ಮೊದಲ ದಿನ ಮಡಿಸಲು ನೋಡಿದ. ಕಣ್ಣಲ್ಲಿ ನೀರು ಬಂತು. ನಾಳೆ ಎಂದ. ವ್ಯಾಯಾಮ ಮಾಡಿಸಲು ಬಂದ ಫಿಸಿಯೋಥೆರಪಿಸ್ಟ್‌ಗೆ, "ನಿಮ್ಮಪ್ಪನ ಕಾಲಾದರೆ ಹೀಗೆ ಎಳೆಯುತ್ತಿದ್ದೆಯಾ?" ಎಂದು ಬೈದ. ಆಕೆ ಒಂದು ವಾರ ಬಂದಳು, ಆಮೇಲೆ ಬರಲಿಲ್ಲ.

ಅವನ ಹೆಂಡತಿ ಹಾಲಮ್ಮ. ಅವಳಿಗೂ ಮಂಡಿನೋವಿತ್ತು, ಅದನ್ನು ಯಾರೂ ಕೇಳಿರಲಿಲ್ಲ. ವ್ಯಾಪಾರಿ ಮೇಲಿನಿಂದ ಕೂಗುತ್ತಿದ್ದ. ನೀರೆಂದರೆ ನೀರು, ಚಹಾ ಎಂದರೆ ಚಹಾ. ಪತ್ರಿಕೆ ಕೊಟ್ಟು ಕೆಳಗಿಳಿದರೆ ಕನ್ನಡಕ ಬೇಕು. ಕನ್ನಡಕ ಕೊಟ್ಟು ಇಳಿದರೆ ಫ್ಯಾನು ಜೋರಾಯಿತು. ಅವಳು ಗೋಡೆ ಹಿಡಿದು ಹತ್ತುತ್ತಿದ್ದಳು, ಇಳಿಯುತ್ತಿದ್ದಳು. ಹೀಗೆ ಹತ್ತು ವಾರ ಕಳೆಯಿತು.

ಮಂಡಿ ಬಿಗಿಯಿತು. ಪೂರ್ತಿ ಮಡಿಸಲೂ ಆಗದು, ಪೂರ್ತಿ ಚಾಚಲೂ ಆಗದು. ವ್ಯಾಪಾರಿ ಸಿಟ್ಟಿನಿಂದ ಆಸ್ಪತ್ರೆಗೆ ಹೋದ. "ನೀವು ಹಾಕಿದ ಮಾಲು ಸರಿಯಿಲ್ಲ," ಎಂದ.

ಡಾಕ್ಟರು ಎಕ್ಸ್‌ರೇ ತೆಗೆಸಿದರು. ಕೀಲು ಕೂರಿಸಿದ ಜಾಗದಲ್ಲೇ ಇತ್ತು. ಮಂಡಿಯನ್ನು ಮಡಿಸಿ ಅಳೆದರು. "ಐವತ್ತು ಡಿಗ್ರಿ. ಕುರ್ಚಿಯಲ್ಲಿ ಸರಿಯಾಗಿ ಕೂರಲು ತೊಂಬತ್ತಾದರೂ ಬೇಕು. ವ್ಯಾಯಾಮ ಮಾಡಿದಿರಾ?"

"ನೋವಿತ್ತು."

"ನೋವಿರುತ್ತದೆ ಅಂತಲೇ ಹೇಳಿದ್ದೆನಲ್ಲ ಯಜಮಾನರೇ!" ಡಾಕ್ಟರ ದನಿ ಏರಿತು. ಪಕ್ಕದಲ್ಲಿ ಹಾಲಮ್ಮ ಬಗ್ಗಿ ತನ್ನ ಮಂಡಿ ಒತ್ತಿಕೊಳ್ಳುತ್ತಿದ್ದಳು. "ನಿಮಗೂ ನೋವಾ ಅಮ್ಮ?" ಎಂದು ಕೇಳಿದರು.

"ನಂದು ಹಳೇದು ಡಾಕ್ಟರೇ, ಓಡಾಡ್ತಾ ಇದೆ. ಇವರದು ಹೊಸದು. ಸವೆಯಬಾರದು ಅಂತ ಎತ್ತಿಟ್ಟಿದ್ದಾರೆ," ಎಂದಳು.

ಡಾಕ್ಟರು ಅರಿವಳಿಕೆ ಕೊಟ್ಟು ಬಿಗಿದ ಮಂಡಿಯನ್ನು ಮಡಿಸಿದರು. ಮನೆಗೆ ಬಂದ ಮರುದಿನ ವ್ಯಾಪಾರಿ ಮತ್ತೆ ಮಹಡಿಯಿಂದ ನೀರಿಗೆ ಕೂಗಿದ. ಹಾಲಮ್ಮ ಅಡುಗೆಮನೆಯಿಂದ ಏಳಲಿಲ್ಲ. "ನೀರು ಇಲ್ಲಿದೆ. ಬಂದು ಕುಡೀರಿ," ಎಂದಳು. ಅವನು ಬೈದ. ಮಗಳಿಗೆ ಫೋನ್ ಮಾಡಿದ. ಮಗಳು, "ಅಮ್ಮ ಹೇಳಿದ ಹಾಗೆ ಮಾಡಪ್ಪ," ಎಂದು ಇಟ್ಟುಬಿಟ್ಟಳು. ಮಧ್ಯಾಹ್ನದವರೆಗೆ ಹಟ ಹಿಡಿದ. ಆಮೇಲೆ ಬಾಯಾರಿಕೆ ತಾಳದೆ ಕಂಬಿ ಹಿಡಿದು, ಅಳುತ್ತಲೇ ಒಂದೊಂದು ಮೆಟ್ಟಿಲು ಇಳಿದ. ಮರುದಿನವೂ ಇಳಿದ. ಫಿಸಿಯೋಥೆರಪಿಸ್ಟ್‌ಗೆ ತಾನೇ ಹೇಳಿ ಕಳಿಸಿದ. ವರ್ಷ ತುಂಬುವಷ್ಟರಲ್ಲಿ ಮಂಡಿ ನೂರು ಡಿಗ್ರಿಯವರೆಗೆ ಬಾಗತೊಡಗಿತು. ಅಂಗಡಿಗೆ ನಡೆದೇ ಹೋದ. ಗಾದಿಯ ಮೇಲೆ ಕೂರಲು ಮಾತ್ರ ಆಗಲಿಲ್ಲ, ಕುರ್ಚಿ ಹಾಕಿಸಿಕೊಂಡ.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ಸಮಾಧಾನವಾಯಿತು. "ತಿಳಿಯಿತು ಗುರುಗಳೇ. ಮಂತ್ರ ಸರಿಯಾಗಿಯೇ ಇದೆ, ನನ್ನ ಅಭ್ಯಾಸ ಸಾಲದು. ಆದರೂ ಆ ವ್ಯಾಪಾರಿ ಎಂಥ ಸೋಮಾರಿ! ಹೆಂಡತಿಯ ಕಷ್ಟ ಅವನ ಕಣ್ಣಿಗೇ ಬೀಳಲಿಲ್ಲವೇ?" ಎಂದ.

ಗುರುಗಳು ಹೇಳಿದರು:

"ಮೂರು ವರ್ಷದಿಂದ ನಿನ್ನ ಸರದಿಯ ನೀರನ್ನು ಮಠದ ಬಾವಿಯಿಂದ ಸೇದುತ್ತಿರುವವನು ನಾನು."