ಸರಿ ಎನ್ನದ ಹುಡುಗಿ

"ಗುರುಗಳೇ, ಕಲಿಸಿದವರ ತಪ್ಪು ಕಣ್ಣಿಗೆ ಬಿದ್ದರೆ ಕಲಿತವನು ಅದನ್ನು ಹೇಳಬಹುದೆ?" ಎಂದು ಮರುಳಸಿದ್ಧ ಕೇಳಿದ.

ಗುರುಗಳು ಮಠಕ್ಕೆ ಬರುವ ಮೊದಲು ಹದಿನೆಂಟು ವರ್ಷ ವಿಮಾನಗಳ ದುರಸ್ತಿ ಕೆಲಸದಲ್ಲಿದ್ದವರು. ಶಿಷ್ಯನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಉತ್ತಯ್ಯ ಎಂಬ ಒಬ್ಬ ಕ್ಯಾಪ್ಟನ್ ಇದ್ದ. ಮೂವತ್ತು ವರ್ಷ ವಿಮಾನ ಹಾರಿಸಿದವನು. ಕೆಲಸದಲ್ಲಿ ಗಟ್ಟಿಗ, ಮಾತಿನಲ್ಲಿ ಒರಟ. ನಸೀಮಾ ಎಂಬ ಹುಡುಗಿ ಅವನ ಕೈಕೆಳಗೆ ಕಲಿತು, ಈಗ ಅವನ ಪಕ್ಕದಲ್ಲೇ ಎರಡನೆಯ ಪೈಲಟ್ ಆಗಿ ಕೂರುತ್ತಿದ್ದಳು. ಅವಳ ಮೇಲೆ ಅವನಿಗೆ ಮಗಳ ಮೇಲಿರುವಷ್ಟು ಅಕ್ಕರೆ. ಆದರೆ ಅದನ್ನು ಆಡಿ ತೋರಿಸುವ ಸ್ವಭಾವ ಅವನದಲ್ಲ. ಕಲಿಕೆಯ ದಿನಗಳಲ್ಲಿ ಒಮ್ಮೆ ಅವಳು ಅವನ ಮಾತನ್ನು ತಿದ್ದಲು ಹೋದಾಗ, ಮೊದಲು ಕಲಿ, ಆಮೇಲೆ ಕಲಿಸು ಎಂದು ಎಲ್ಲರೆದುರು ಗದರಿದ್ದ. ಅವನು ಅದನ್ನು ಅಂದೇ ಮರೆತ. ಅವಳು ಮರೆಯಲಿಲ್ಲ.

ಒಂದು ಮಧ್ಯಾಹ್ನ ಇಬ್ಬರೂ ಮುನ್ನೂರು ಜನರನ್ನು ಕೂರಿಸಿಕೊಂಡು ಸಮುದ್ರದ ಮೇಲೆ ಹಾರುತ್ತಿದ್ದರು. ಅಷ್ಟು ದೊಡ್ಡ ವಿಮಾನದ ರೆಕ್ಕೆಯ ಪಟ್ಟಿಗಳನ್ನು, ಚಕ್ರಗಳನ್ನು, ಬ್ರೇಕನ್ನು ಬರಿ ತೋಳಿನ ಬಲದಿಂದ ಆಡಿಸಲಾಗದು. ಕೊಳವೆಗಳಲ್ಲಿ ಒತ್ತಡದಿಂದ ಹರಿಯುವ ಎಣ್ಣೆ ಆ ಕೆಲಸ ಮಾಡುತ್ತದೆ. ಅದಕ್ಕೆ ಹೈಡ್ರಾಲಿಕ್ ಎನ್ನುತ್ತಾರೆ. ಆ ವಿಮಾನದಲ್ಲಿ ಅಂಥ ವ್ಯವಸ್ಥೆಗಳು ಮೂರು ಇದ್ದವು. ಎಡದ್ದು, ನಡುವಿನದು, ಬಲದ್ದು.

ಮೊದಲು ನಡುವಿನದರ ಪಂಪು ಕೆಟ್ಟಿತು. ಅದನ್ನು ನಿಲ್ಲಿಸಿ, ಹತ್ತಿರದ ನಿಲ್ದಾಣದ ಕಡೆ ವಿಮಾನ ತಿರುಗಿಸಿದರು. ಇಪ್ಪತ್ತು ನಿಮಿಷ ಕಳೆದಿರಲಿಲ್ಲ, ಎಡದ್ದರಲ್ಲಿ ಎಣ್ಣೆ ಸೋರತೊಡಗಿತು. ಪಂಪು ಒಣಗಿ ಸುಟ್ಟುಹೋಗುವ ಮೊದಲು ಅದನ್ನೂ ನಿಲ್ಲಿಸಬೇಕಿತ್ತು.

ಉತ್ತಯ್ಯನ ಕೈ ತಾನಾಗಿ ತಲೆಯ ಮೇಲಿನ ಪಂಪಿನ ಗುಂಡಿಗಳ ಕಡೆ ಹೋಯಿತು. ಬೆರಳು ಒಂದು ಗುಂಡಿಯ ಮೇಲೆ ಕೂತಿತು. ಅವರಲ್ಲಿ ಒಂದು ನೇಮವಿದೆ. ಒಬ್ಬರು ಗುಂಡಿಯನ್ನು ಮುಟ್ಟಿ ಅದರ ಹೆಸರು ಹೇಳಬೇಕು. ಇನ್ನೊಬ್ಬರು ನೋಡಿ, ಸರಿ ಎನ್ನಬೇಕು. ಆಮೇಲೆಯೇ ಒತ್ತಬೇಕು.

"ಎಡದ್ದು," ಎಂದ ಉತ್ತಯ್ಯ.

ನಸೀಮಾ ಸರಿ ಎನ್ನಲಿಲ್ಲ. ತಪ್ಪು ಎಂದೂ ಅನ್ನಲಿಲ್ಲ.

ಅವನಿಗೆ ಸಿಟ್ಟು ಬಂತು. ಎಣ್ಣೆ ಸೋರುತ್ತಲೇ ಇತ್ತು. ತಿರುಗಿ ನೋಡಿದ. ಅವಳ ತುಟಿ ಬಿಚ್ಚಿ ಮತ್ತೆ ಮುಚ್ಚಿಕೊಂಡಿತು. ಕಣ್ಣು ಅವನ ಬೆರಳಿನ ಮೇಲೆಯೇ ನೆಟ್ಟಿತ್ತು. ಅದು ಸಮುದ್ರಕ್ಕೆ ಬೀಳುವ ಭಯವಲ್ಲ ಎಂದು ಅವನಿಗೆ ಹೊಳೆಯಿತು. ಈ ಹುಡುಗಿ ಹೆದರಿರುವುದು ನನಗೆ, ಅಂದುಕೊಂಡ. ಸಿಟ್ಟು ಇಳಿಯಿತು. ಅವನು ಗುಂಡಿ ಒತ್ತಲಿಲ್ಲ. ಕೈಯನ್ನು ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡ.

"ಹೇಳಮ್ಮ. ಬೈಯುವುದಿಲ್ಲ."

"ಸರ್, ನೀವು ಮುಟ್ಟಿದ್ದು ಬಲದ್ದು. ನಮಗೆ ಉಳಿದಿರುವುದು ಅದೊಂದೇ."

ಉತ್ತಯ್ಯ ತಲೆ ಎತ್ತಿ ನೋಡಿದ. ಅವಳು ಹೇಳಿದ್ದು ನಿಜ. ಹಿಂದೆ ಹಲವು ವರ್ಷ ಹಾರಿಸಿದ ಬೇರೊಂದು ವಿಮಾನದಲ್ಲಿ ಎಡದ್ದರ ಗುಂಡಿ ಆ ಜಾಗದಲ್ಲಿತ್ತು. ಕೈ ಹಳೆಯ ದಾರಿ ಹಿಡಿದಿತ್ತು. ಒತ್ತಿದ್ದರೆ ಮುನ್ನೂರು ಜನರ ವಿಮಾನ ಯಾರ ಹಿಡಿತಕ್ಕೂ ಸಿಗುತ್ತಿರಲಿಲ್ಲ.

"ನೀನೇ ಮುಟ್ಟು," ಎಂದ. ಅವಳು ಎಡದ್ದನ್ನು ಮುಟ್ಟಿ ಹೆಸರು ಹೇಳಿದಳು. ಅವನು ಎರಡು ಸಲ ನೋಡಿ, ಸರಿ ಎಂದ.

ಅಲ್ಲಿಂದ ಮುಂದೆ ಅವಳು ಪುಸ್ತಕ ನೋಡಿ ಒಂದೊಂದೇ ಸಾಲು ಓದಿದಳು. ಅವಳು ಓದಿದಷ್ಟನ್ನೇ ಅವನು ಮಾಡಿದ. ಉಳಿದ ಬಲದ್ದರ ಎಣ್ಣೆ ರೆಕ್ಕೆ, ಬಾಲಗಳಿಗಷ್ಟೇ ಹೋಗುತ್ತಿತ್ತು, ಚಕ್ರಗಳಿಗೂ ಬ್ರೇಕಿಗೂ ಹೋಗುತ್ತಿರಲಿಲ್ಲ. ಚಕ್ರಗಳ ಕೊಂಡಿ ಬಿಡಿಸಿ, ಅವುಗಳ ತೂಕಕ್ಕೇ ಅವು ಇಳಿಯುವಂತೆ ಬಿಟ್ಟರು. ಬ್ರೇಕಿಗೆಂದು ಕೂಡಿಟ್ಟಿದ್ದ ಒತ್ತಡ ನಾಲ್ಕಾರು ಸಲಕ್ಕೆ ಸಾಲುವಷ್ಟಿತ್ತು. ಅದನ್ನು ಜೋಪಾನವಾಗಿ ಬಳಸಿದರು. ವಿಮಾನ ರನ್‌ವೇಯ ಕೊನೆಯ ಹತ್ತಿರ ಹೋಗಿ ನಿಂತಿತು. ಪಕ್ಕಕ್ಕೆ ತಿರುಗಿಸಲು ಮುಂದಿನ ಚಕ್ರಕ್ಕೆ ಎಣ್ಣೆಯಿಲ್ಲ. ಎಳೆಯುವ ಗಾಡಿ ಬರುವವರೆಗೆ ಅಲ್ಲಿಯೇ ಕೂತರು.

ಉತ್ತಯ್ಯ ತನ್ನ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಮೊದಲು ಅವಳ ಕೈಗೆ ಕೊಟ್ಟ.

"ನಿನ್ನ ಬಾಯಿ ಕಟ್ಟಿದವನು ನಾನೇ, ನಸೀಮಾ. ಇನ್ನು ಮೇಲೆ ನನ್ನ ತಪ್ಪನ್ನು ನುಂಗಿಕೊಳ್ಳಬೇಡ."

ಅವಳು ಒಂದು ಗುಟುಕು ಕುಡಿದಳು. ಕಣ್ಣೊರೆಸಿಕೊಂಡಳು.

"ಸರ್, ಇದಕ್ಕೆ ಸಕ್ಕರೆ ಹಾಕಿಲ್ಲ," ಎಂದಳು. ಅವನು ಬಹಳ ಹೊತ್ತು ನಕ್ಕ.

ಕತೆ ಮುಗಿಯಿತು. ಮರುಳಸಿದ್ಧ ಯೋಚಿಸಿ, "ಆ ಹುಡುಗಿ ಧೈರ್ಯವಂತೆ," ಎಂದ.

"ಅವನು ಕೇಳದಿದ್ದರೆ ಅವಳು ಹೇಳುತ್ತಿರಲಿಲ್ಲಪ್ಪ, ಅದಕ್ಕೇ ಕೇಳುತ್ತಿದ್ದೇನೆ, ನಾನು ತಪ್ಪಿದ್ದು ಎಲ್ಲಿ?" ಎಂದರು ಗುರುಗಳು.